ಅಲುಗದ ಬಲಗೈ

ನನಗೆ ಕತ್ತರಿ ಹಿಡಿಯಲು ಕಲಿಸಿದ ಮಾಸ್ತರರಿಗೆ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಹೋದ ಚಳಿಗಾಲದಲ್ಲಿ ಆಳಂದದ ನನ್ನ ಟೇಲರ್ ಅಂಗಡಿಯಲ್ಲಿ ಕಾಲರ್ ಕತ್ತರಿಸುತ್ತಿದ್ದಾಗ ನನಗೂ ಲಕ್ವಾ ಹೊಡೆಯಿತು. ನಿಮಗೆ ಹೊಡೆದ ಬದಿಗೇ, ಬಲಕ್ಕೇ. ಮಾತು ಎರಡು ತಿಂಗಳಲ್ಲಿ ಮರಳಿತು. ಕೈ ಮಾತ್ರ ಯಾರದ್ದೋ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತದೆ.

ಜೇವರ್ಗಿಯ ನಿಮ್ಮ ಮನೆಗೆ ನಾನು ಕೊನೆಯ ಸಲ ಬಂದದ್ದು ನೆನಪಿದೆಯೇ? ನೀವು ಮಾತು ಕಳೆದುಕೊಂಡು ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ನಿಮ್ಮ ಬೆರಳಿಗೆ ಕತ್ತರಿ ಸಿಕ್ಕಿಸಿ, "ಮನಸ್ಸು ಮಾಡ್ರಿ ಮಾಸ್ತರ್, ಆಗ್ತದ" ಎಂದೆ. ಮೂರು ಸಲವೂ ಜಾರಿ ಬಿತ್ತು. ಕೊನೆಗೆ ನೆಂಟರೆದುರು, "ಮನಸ್ಸೇ ಮಾಡವಲ್ರು" ಎಂದುಬಿಟ್ಟೆ. ನೀವು ಗೋಡೆಯ ಕಡೆ ಮುಖ ತಿರುಗಿಸಿದಿರಿ. ಆಮೇಲೆ ನಾನು ಬರಲೇ ಇಲ್ಲ. ಬಂದಿದ್ದರೆ...

ಹೋದ ತಿಂಗಳು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ನನ್ನನ್ನು ತಳ್ಳಿದರು. ಲೋಹ ಕೂಡದೆಂದು ಕೊರಳ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿಸಿದ್ದರು. ಹೆಂಡತಿ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಎದೆಗೆ ಕಟ್ಟಿದ್ದಳು. ತಲೆಗೆ ಪಂಜರದಂಥದ್ದು, ಮೂಗಿನ ಮುಂದೆಯೇ ಛಾವಣಿ, ಸುತ್ತಿಗೆ ಬಡಿದಂಥ ಸದ್ದು. ಎರಡೂ ಕೈಗೆ ಬೆರಳಿನ ಕದಲಿಕೆ ಹಿಡಿಯುವ ಕೈಗವಸು. ಏಳುವಂತಿಲ್ಲ, ಕೆಮ್ಮುವಂತಿಲ್ಲ. ನಿಮ್ಮ ಹಾಸಿಗೆಯೂ ಹೀಗೇ ಇತ್ತೇ ಮಾಸ್ತರ್?

"ಬಲಗೈ ಮುಷ್ಟಿ ಮಾಡ್ರಿ ಕಾಕಾ." ಯಂತ್ರ ನೋಡಿಕೊಳ್ಳುವ ಹೆಣ್ಣುಮಗಳ ಧ್ವನಿ ಸ್ಪೀಕರಿನಿಂದ ಬಂತು. ಅವಳ ಊರು ನಮ್ಮ ಕಡೆಯ ಅಫಜಲಪುರವಂತೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿದೆ.

"ಎಡಗೈ ಮುಚ್ಚಾಕತ್ತೀರಿ. ಅದನ್ನ ಸುಮ್ಮ ಬಿಡ್ರಿ."

ಮುಚ್ಚಿದ್ದು ನನಗೇ ತಿಳಿದಿರಲಿಲ್ಲ. ನೋಡೋಣವೆಂದರೆ ಕತ್ತು ಎತ್ತುವಂತಿಲ್ಲ. ಮತ್ತೆ ಮಾಡಿಸಿದಳು, ಮತ್ತೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಾಗಲಿಲ್ಲ. ಯಾರಾದರೂ ಆಗ ಮನಸ್ಸು ಮಾಡು ಎಂದಿದ್ದರೆ ಏನು ಮಾಡುತ್ತಿದ್ದೆನೋ...

ಹೊರಗೆ ಬಂದ ಮೇಲೆ ಪರದೆ ತೋರಿಸಿದಳು. ಕೊನೆಯ ಸಲದ್ದು ನೋಡಿದರೆ ಕದಲಿಕೆ ತೋರಿಸುವ ಎರಡೂ ಕೈಗವಸಿನ ಗೆರೆಗಳು ಮಟ್ಟಸವಾಗಿ ಮಲಗಿದ್ದವು. "ಆಗಲಿಲ್ಲ ಬಿಡು ತಂಗಿ" ಎಂದೆ.

"ಹಂಗಲ್ರಿ. ಬಲಗೈ ಅಲುಗಿಲ್ಲ, ಖರೆ. ಆದ್ರ ತಲಿ ಚಿತ್ರದಾಗ ಇಲ್ಲಿ ಕೆಂಪಗಾಗ್ಯದ ನೋಡ್ರಿ. ಎಡಗೈ ಸುಮ್ಮನಿತ್ತು, ಅಂದ್ರ ಇದು ಬಲಗೈಗೇ ಹೊಂಟ ಹುಕುಂ. ಕೈತನಕ ಮುಟ್ಟವಲ್ದು, ಅಷ್ಟ."

ನಿಮ್ಮ ತಲೆಯಿಂದಲೂ ಹುಕುಂ ಹೊರಟಿತ್ತೇ? ಮೂರು ಸಲವೂ?

ಮೊನ್ನೆ ಬಸ್ಸಿನಲ್ಲಿ ಜೇವರ್ಗಿಗೆ ಹೋಗಿ, ನಿಮ್ಮ ಹೆಂಡತಿ ಅವ್ವಾರ ಮುಂದೆ ಕೂತು ಎಲ್ಲ ಹೇಳಿದೆ. ನಾನು ಆವತ್ತು ಆಡಿದ್ದು ತಪ್ಪೆಂದೆ. ಅವ್ವಾರು ನನ್ನ ಬಲಗೈಯನ್ನು ಮುಟ್ಟಿ ನೋಡಿದರು.

"ಜೀವಾ ಹೋಗೂತನಕ ದಿನಾ ಅವರ ಬಲಗೈಯಾಗ ನನ್ನ ಕೈ ಇಡ್ತಿದ್ದೆ ತಮ್ಮಾ. ಒಮ್ಮಿನೂ ಹಿಡೀಲಿಲ್ಲ. ನನ್ನ ಮ್ಯಾಲ ಸಿಟ್ಟಂತ ತಿಳದಿದ್ದೆ. ಒಳಗಿಂದೊಳಗ ಹಿಡೀತಿದ್ರೇನು?"

ನಿಮ್ಮ ತಲೆಯ ಚಿತ್ರವನ್ನು ಯಾರೂ ತೆಗೆದಿರಲಿಲ್ಲ, ಮಾಸ್ತರ್. ಆದರೂ ನಿಮ್ಮ ಪರವಾಗಿ ನಾನೇ ಹೇಳಿದೆ: "ಹಿಡೀತಿದ್ರು, ಅವ್ವಾರ."

ನಿಮ್ಮ ಶಾಂತಪ್ಪ