ಬಗ್ಗಿದ್ದು ಬಕಲ್ ಹಾಕೋಕೆ

ಮಾರ್ಚ್ 4, ಬೆಳಿಗ್ಗೆ
ಎಂದಿನಂತೆ ಎಡಿಟಿಂಗ್ ರೂಮಿಗೆ ಹೋದೆ. ಕೀ ತಿರುಗಲಿಲ್ಲ. ಬೀಗ ಬದಲಾಗಿದೆ. ಕಾವಲುಗಾರ ನನ್ನ ಮುಖ ನೋಡದೆ ಹೇಳಿದ: 'ಮೇಡಂ, ನಿಮ್ ಕೆಲ್ಸ ಮುಗೀತಂತೆ.'
ಸಿನಿಮಾ ತೆಗೆದವಳು ನಾನು. ಮುಗಿಯಿತು ಅನ್ನುವವರು ಬೇರೆ.

ಸಂಜೆ
ಎಡಿಟರ್ ಫೋನ್. ನಾವೆಲ್ಲ ಅವನನ್ನು 'ಕತ್ತರಿ' ಅನ್ನುವುದು. ದನಿ ಇಳಿದಿತ್ತು. 'ನಿರ್ಮಾಪಕರು ಪಕ್ಕದಲ್ಲೇ ಕೂತು ಕಟ್ ಮಾಡಿಸ್ತಿದಾರೆ. ಕೊನೆ ಸೀನು... ನೀನೇ ನೋಡು. ನನ್ ಬಾಯಲ್ಲಿ ಹೇಳಿಸ್ಬೇಡ.'

ಮಾರ್ಚ್ 9
ಪ್ರಿವ್ಯೂಗೆ ಕರೆದರು. ನೋಡಿದೆ.
ನಾನು ತೆಗೆದದ್ದು: ಲಾಂಡ್ರಿಯ ಹೆಂಗಸರ ಮುಷ್ಕರ. 'ತಪ್ಪಾಯ್ತು ಅನ್ನು, ಕೆಲಸ ಉಳಿಯುತ್ತೆ' ಎಂದು ಮಾಲೀಕ ಅವರ ಮುಂದಾಳಿಗೆ ಹೇಳುತ್ತಾನೆ. ಅವಳು ಬಗ್ಗಿ ಚಪ್ಪಲಿಯ ಬಕಲ್ ಹಾಕುತ್ತಾಳೆ. ಟಕ್. ಎದ್ದು ನಡೆಯುತ್ತಾಳೆ.
ಅವರು ಮಾಡಿದ್ದು: ಚಪ್ಪಲಿ ಕತ್ತರಿಸಿದ್ದಾರೆ. ನಡಿಗೆ ಕತ್ತರಿಸಿದ್ದಾರೆ. ಬಗ್ಗಿದ ತಲೆ ಮಾತ್ರ ಉಳಿಸಿ ಅದಕ್ಕೆ ಯಾವಳದೋ ನಯವಾದ ದನಿ ಅಂಟಿಸಿದ್ದಾರೆ— 'ತಪ್ಪಾಯ್ತು, ಯಜಮಾನ್ರೇ.' ಹಿಂದೆ ಪಿಟೀಲು.
ಆ ತಲೆ ನನ್ನ ಅಕ್ಕನದು. ನಟಿಯಲ್ಲ. ಅಂಥದೇ ಲಾಂಡ್ರಿಯಲ್ಲಿ ಇಸ್ತ್ರಿ ಹಿಡಿದವಳು. ಆ ಒಂದು ಮಾತು ಹೇಳಲಿಲ್ಲವೆಂದೇ ಕೆಲಸ ಕಳೆದುಕೊಂಡವಳು.

ಮಾರ್ಚ್ 10
ನಿರ್ಮಾಪಕನ ಕೋಣೆ. ಕುರ್ಚಿ ತೋರಿಸಿದ. ಕೂರಲಿಲ್ಲ.
'ನೋಡಮ್ಮ, ಜನ ಅಳ್ಬೇಕು. ಸೆಟ್ಕೊಂಡು ಎದ್ದೋಗೋ ಹೆಂಗಸನ್ನ ನೋಡಿ ಯಾರ್ ಅಳ್ತಾರೆ?'
'ಅಳ್ಲಿ ಅಂತ ತೆಗ್ದಿದ್ದಲ್ಲ. ನನ್ ಹೆಸ್ರು ತೆಗೀರಿ.'
'ತೆಗೀತೀನಿ. ಎಲ್ಲೂ ಬಾಯ್ ಬಿಡಲ್ಲ ಅಂತ ಸೈನ್ ಹಾಕು. ಬಿಟ್ರೆ ಕೋರ್ಟು. ಆಮೇಲೆ ಈ ಲೈನಲ್ಲಿ ನಿಂಗೆ ಯಾರೂ ಕ್ಯಾಮೆರಾ ಕೊಡಲ್ಲ.'
ಹೆಸರಿದ್ದರೆ ಸುಳ್ಳಿಗೆ ಹೆಗಲು ಕೊಡಬೇಕು. ಹೆಸರು ಬೇಡವೆಂದರೆ ಬಾಯಿಗೆ ಬೀಗ. ಅವನ ಪೆನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಮಾರ್ಚ್ 22
ಇಷ್ಟು ದಿನ ಅಕ್ಕನಿಗೆ ಹೇಳಲು ನಾಲಿಗೆ ಏಳಲಿಲ್ಲ. ಇವತ್ತು ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಲಿಲ್ಲ.
'ತಪ್ಪಾಯ್ತು ಅಂತ... ನಾನು? ಅಮ್ಮ ಸೌಟಲ್ಲಿ ಬಾರಿಸ್ದಾಗ್ಲೇ ಅಂದಿಲ್ಲ.'
'ಬಾಯ್ ಬಿಟ್ರೆ ಇನ್ನೊಂದ್ ಸಿನಿಮಾ ಸಿಗಲ್ಲ ಅಕ್ಕಾ.'
'ನಂಗೂ ಕೆಲ್ಸ ಹೋಯ್ತು. ಬಾಯ್ ಹೋಯ್ತೇನೆ?'

ಮಾರ್ಚ್ 23
ಪತ್ರಿಕೆಗಳಿಗೆ ಹೇಳಿಕೆ ಕಳಿಸಿದೆ. 'ಈ ಸಿನಿಮಾ ನನ್ನದಲ್ಲ. ನನ್ನ ಅಕ್ಕ ಬಗ್ಗಿದ್ದು ಬಕಲ್ ಹಾಕೋಕೆ.' ಅಷ್ಟೇ. ಕೆಳಗೆ ನನ್ನ ಹೆಸರು, ದಪ್ಪಕ್ಷರದಲ್ಲಿ.

ಏಪ್ರಿಲ್ 2
ಬಿಡುಗಡೆ. ಅಕ್ಕನ ಜೊತೆ ಅವಳ ಹಳೆ ಲಾಂಡ್ರಿಯ ಹೆಂಗಸರೆಲ್ಲ ಬಂದಿದ್ದರು. ಪರದೆಯ ಮೇಲೆ ನನ್ನ ಹೆಸರು ಹಾಗೇ ಇತ್ತು, ನಿರ್ಮಾಪಕನ ಹಟಕ್ಕೆ.
ಕೊನೆ ಸೀನು. ಪಿಟೀಲು. ಬಗ್ಗಿದ ತಲೆ. ಅಕ್ಕಪಕ್ಕ ಕರ್ಚೀಫುಗಳು ಹೊರಬಂದವು. 'ತಪ್ಪಾಯ್ತು, ಯಜಮಾನ್ರೇ—' ಅದರ ಬಾಲಕ್ಕೇ, ಟಕ್.
ಬಕಲ್. ಅವತ್ತು ಪ್ರಿವ್ಯೂನಲ್ಲಿ ಇರಲಿಲ್ಲ ಈ ಸದ್ದು.
ಅಕ್ಕ ನಕ್ಕಳು. ಬಿದ್ದು ಬಿದ್ದು ನಕ್ಕಳು. ಅವಳ ಸಾಲು ನಕ್ಕಿತು. 'ಚಪ್ಲಿ ಹಾಕ್ಕೊತಿದಾಳೆ ಕಣ್ರೀ, ಕ್ಷಮೆ ಅಲ್ಲ' ಅಂತ ಒಬ್ಬಳು ಕೂಗಿದಳು. ಕರ್ಚೀಫಿನವರೂ ನಕ್ಕರು.
ಹೊರಗೆ ಕತ್ತರಿ ನಿಂತಿದ್ದ. 'ಆ ಸದ್ದು?' ಅಂದೆ.
'ತೆಗಿಯೋದು ಮರ್ತೋಯ್ತು ಅಂದ್ಕೊ.'
ಅವನ ಕೀಯೂ ನಾಳೆ ತಿರುಗುವುದಿಲ್ಲ. ಅವನಿಗೆ ಗೊತ್ತು.

ಏಪ್ರಿಲ್ 3, ಬೆಳಿಗ್ಗೆ
ಬಾಗಿಲಲ್ಲಿ ನಿರ್ಮಾಪಕನ ವಕೀಲ. ಹೊರಗಿನಿಂದಲೇ ಹೇಳುತ್ತಿದ್ದಾನೆ: 'ಒಂದೇ ಮಾತು ಮೇಡಂ. ತಪ್ಪಾಯ್ತು ಅನ್ನಿ, ಕೇಸ್ ಇರಲ್ಲ.'
ಅದೇ ಮಾತು. ಅದೇ ನಯ.
'ಇರಿ, ಬಂದೆ' ಅಂದೆ. ಅಕ್ಕ ನನ್ನ ಚಪ್ಪಲಿಯನ್ನು ಕಾಲಿನ ಹತ್ತಿರ ತಳ್ಳಿದಳು. ಪೆನ್ನು ಕೆಳಗಿಡುತ್ತಿದ್ದೇನೆ. ಬಗ್ಗಬೇಕು. ಬಕಲ್—