ಕಮಲಾಪುರ ಕೆರೆಯ ಹೈಡ್ರಾಗಳು

ಅಣವೀರಪ್ಪಾ,

ನೀನು ತೀರಿಕೊಂಡು ತಿಂಗಳೂ ಆಗಿಲ್ಲ. ಇಂದು ನಿನ್ನ ಕಾಲೇಜಿನವರು ಪ್ರಯೋಗಾಲಯ ತೊಳೆಸುವಾಗ, ಕಮಲಾಪುರ ಕೆರೆಯಿಂದ ತಂದು ನೀನು ಇಪ್ಪತ್ತಾರು ವರ್ಷ ಗಾಜಿನ ಜಾಡಿಯಲ್ಲಿ ಸಾಕಿದ ಹೈಡ್ರಾಗಳನ್ನು ಮೋರಿಗೆ ಸುರಿದರು. ತುಂಡರಿಸಿದರೂ ಮತ್ತೆ ಬೆಳೆಯುವ, ಮುಪ್ಪು ಬಾರದ ಆ ಪುಟ್ಟ ಜೀವಿಗಳನ್ನು ಅರಿಯುವುದರಲ್ಲೇ ನಿನ್ನ ಆಯುಷ್ಯ ಕಳೆದಿತ್ತು. ಸುದ್ದಿ ತಿಳಿದು, ಹೋಗಿ ಜಗಳವಾಡಿದೆ.

"ಜಾಡ್ಯಾಗ ಬರೇ ನೀರ ಇತ್ತರೀ ಸರ್, ಏನೂ ಕಾಣಲಿಲ್ಲ," ಎಂದಳು ಹೊಸ ಉಪನ್ಯಾಸಕಿ.

"ಭೂತಗನ್ನಡಿ ಹಿಡಿದು ನೋಡಿದ್ರೇನವ್ವಾ? ಪ್ರಾಣಿಶಾಸ್ತ್ರ ಕಲಸಾವ್ರು ನೀವ ಅಲ್ಲೇನು?"

"ಅಷ್ಟ ಕಾಳಜಿ ಇದ್ರ ನೀವ ಮನೀಗಿ ಒಯ್ಯಬೇಕಿತ್ತರೀ."

ಆಸ್ಪತ್ರೆಗೆ ಹೊರಡುವಾಗ ನೀನೂ ಅದನ್ನೇ ಕೇಳಿದ್ದೆ. ನಾನು ಮನೆಯಲ್ಲಿ ಜಾಗವಿಲ್ಲ ಎಂದಿದ್ದೆ. ಆಗಲೂ ಶಹಾಬಜಾರದ ಈ ನಾಲ್ಕು ಕೋಣೆಗಳಲ್ಲಿ ನಾನೊಬ್ಬನೇ ಇದ್ದೆ.