ಸಿಂಧು ಹೇಳದೆ ಬಿಟ್ಟ ಮಾತು

ಹಗರೆ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮ,

ಅಜ್ಜಿಯ ಕಾಲು ಈಗ ಹೇಗಿದೆ? ಬಾಣಾವರದ ಮನೆಯಲ್ಲಿ ಅವರನ್ನು ಎತ್ತಿ ಕೂರಿಸುವುದು, ಮಲಗಿಸುವುದು ಎಲ್ಲ ನಿನ್ನೊಬ್ಬಳ ಮೇಲೇ ಬಿದ್ದಿದೆ ಎಂದು ಅಪ್ಪ ಹೇಳಿದರು. ಹಬ್ಬ ಮುಗಿದು ಇಷ್ಟು ದಿನವಾದರೂ ನಾನು ಒಂದು ಮಾತು ತಿಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಅಜ್ಜಿಯ ಮಂಚದ ಮೇಲೆ ಇಡುತ್ತೀಯ. ಇದು ಅಜ್ಜಿಯ ಎದುರು ಹೇಳುವಂಥದ್ದಲ್ಲ. ಅದಕ್ಕೇ ಕಾಗದ.

ಇಲ್ಲಿಯ ಹಾಲಿನ ಡೈರಿ ಕೆಲಸ ಇನ್ನೂ ಬಿಟ್ಟಿಲ್ಲ. ಇದಾದರೂ ಯುಗಾದಿವರೆಗೆ ನಿಲ್ಲುತ್ತದಾ ಎಂದು ಕೇಳಿದ್ದೆಯಂತೆ. ಗೊತ್ತಿಲ್ಲ ಅಮ್ಮ. ಅರಸೀಕೆರೆಯ ಬಟ್ಟೆ ಅಂಗಡಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ದಿನ ಇಲ್ಲಿದ್ದೇನೆ, ಅಷ್ಟು ನಿಜ.

ಈ ಸಲ ನಮ್ಮ ಬಹಾಯಿಗಳ ಹಬ್ಬ, ಬಹಾವುಲ್ಲಾ ಹುಟ್ಟಿದ ದಿನ, ಬಲಿಪಾಡ್ಯಮಿಯ ಸಂಜೆಯೇ ಶುರುವಾಯಿತಲ್ಲ, ಹಳೇಬೀಡಿನ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ದೀಪ. ನಮ್ಮದು ಯಾವ ಹಬ್ಬದ ದೀಪ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಅಂಗಡಿಗೆ ರಜೆ ಎಂದು ಅಪ್ಪ ಮೊದಲೇ ಬೋರ್ಡು ತೂಗುಹಾಕಿದ್ದರು. ಪಕ್ಕದ ಮನೆ ಕಲ್ಲೇಶಪ್ಪನವರು ಸುಮ್ಮನಿರುತ್ತಾರಾ? ದೇವಸ್ಥಾನ ನೋಡಲು ಊರ ತುಂಬ ಜನ ಬಂದಿರುವಾಗ ಫ್ಯಾನ್ಸಿ ಸ್ಟೋರ್ ಬಾಗಿಲು ಹಾಕುವವನು ನೀನೊಬ್ಬನೇ ಎಂದು ಅಪ್ಪನನ್ನು ರೇಗಿಸಿದರು. ಆದರೆ ಸಂಜೆ ಎಲ್ಲರಿಗಿಂತ ಮೊದಲು ಬಂದು ಜಮಖಾನದ ಮೇಲೆ ಕೂತವರೂ ಅವರೇ.

"ನಿಮ್ಮಲ್ಲಿ ಪೂಜಾರೀನೂ ಇಲ್ಲ, ಮಂಗಳಾರತೀನೂ ಇಲ್ಲ. ಇನ್ನು ಪ್ರಸಾದ ಕೊಡೋರ್ ಯಾರ್ರೀ?" ಎಂದರು.

"ನೀವೇ ಕೊಡಿ," ಎಂದು ಬೇಲೂರಿನಿಂದ ಬಂದಿದ್ದ ಯದುಗಿರಿಯಮ್ಮ ಚಿತ್ರಾನ್ನದ ಸೌಟನ್ನು ಅವರ ಕೈಗೇ ಕೊಟ್ಟುಬಿಟ್ಟರು. ಆಮೇಲೆ ಇಡೀ ಬೀದಿಗೆ ಬಡಿಸಿದ್ದು ಕಲ್ಲೇಶಪ್ಪನವರೇ.

ಇಷ್ಟೂ ಸಂತೋಷದ ಸುದ್ದಿ. ಇನ್ನುಳಿದದ್ದನ್ನು ಬರೆಯಲು ಕೂತು ಎರಡು ಸಲ ಎದ್ದು ಹೋಗಿ ಬಂದೆ.

ನಮ್ಮಲ್ಲಿ ಅಪ್ಪ ಅಮ್ಮನ ಧರ್ಮ ಮಕ್ಕಳಿಗೆ ತಾನಾಗಿ ಬರುವುದಿಲ್ಲ, ಹದಿನೈದು ತುಂಬಿದ ಮೇಲೆ ನಾನು ಬಹಾಯಿ ಎಂದು ಅವರೇ ಹೇಳಬೇಕು ಎಂದು ಕಲಿಸಿದವಳು ನೀನು. ನಿನ್ನ ಚಿಕ್ಕ ಮಗಳು ಸಿಂಧುವಿಗೆ ಸೆಪ್ಟೆಂಬರಿನಲ್ಲಿ ಹದಿನೈದಾಯಿತು. ಹಬ್ಬದ ಸಂಜೆ ಎಲ್ಲರ ನಡುವೆ ಹೇಳುತ್ತೇನೆ ಎಂದು ಅವಳೇ ಆರಿಸಿಕೊಂಡಳು. ನಿನಗೂ ಕೇಳಿಸಲಿ ಎಂದು ಅಪ್ಪ ಫೋನು ಹಚ್ಚಿ ಕಿಟಕಿಯ ಮೇಲಿಟ್ಟರು. ನೀನು ಪ್ರಾರ್ಥನೆ ಕೇಳಿದೆ, ಅಪ್ಪನ ಹಾಡು ಕೇಳಿದೆ. ಮಂತ್ರಿಯ ಮನೆಯಲ್ಲಿ ಹುಟ್ಟಿದ ಬಹಾವುಲ್ಲಾ ದೊಡ್ಡವರಾಗಿ ದರ್ಬಾರು ಬೇಡವೆಂದು ಬಡವರ ಕಡೆ ನಡೆದ ಕಥೆಯನ್ನು ಯದುಗಿರಿಯಮ್ಮ ಹೇಳಿದ್ದನ್ನೂ ಕೇಳಿದೆ. ಆಮೇಲೆ ಸಿಂಧು ಎದ್ದು ನಿಂತು, "ನಂಗಿನ್ನೂ ಗೊತ್ತಿಲ್ಲ. ಯೋಚನೆ ಮಾಡ್ಬೇಕು," ಎಂದದ್ದೂ ನಿನಗೆ ಕೇಳಿಸಿತು. ನೀನು ಫೋನು ಇಟ್ಟುಬಿಟ್ಟೆ. ಇವಳೂ ಅಕ್ಕ ಮೇಘಳ ದಾರಿ ಹಿಡಿದಳು ಎಂದು ಮಾರನೆಯ ದಿನ ಅಪ್ಪನ ಹತ್ತಿರ ಅತ್ತುಕೊಂಡೆಯಂತೆ. ಅವತ್ತಿನಿಂದ ನೀನು ಫೋನಿನಲ್ಲಿ ಸಿಂಧುವನ್ನು ಊಟ ಆಯಿತಾ ಎಂದು ಮಾತ್ರ ಕೇಳುತ್ತೀಯಂತೆ.

ನಿನಗೆ ಕೇಳಿಸದೇ ಇದ್ದದ್ದು ಮಧ್ಯಾಹ್ನದ ಮಾತು. ಸಿಂಧು ಕೊಬ್ಬರಿ ಮಿಠಾಯಿಗೆ ಕಾಯಿ ತುರಿಯುತ್ತಾ, ಸಂಜೆ ಹೇಳುವುದನ್ನು ನನಗೆ ಹೇಳಿ ತೋರಿಸುತ್ತಿದ್ದಳು. ಮುಖವೆಲ್ಲ ನಗು. ನಾನು ಕೇಳಿದೆ: "ಇದು ನಿನ್ ಮಾತೋ, ಅಮ್ಮನ್ ಮಾತೋ?"

"ನಂದೇ ಕಣಕ್ಕ."

"ಅಮ್ಮ ಅಳಲ್ಲ ಅಂತ ಗ್ಯಾರಂಟಿ ಇದ್ದಿದ್ರೂ ಇದನ್ನೇ ಹೇಳ್ತಿದ್ಯಾ?"

ಅವಳ ಕೈ ನಿಂತಿತು. ಸತ್ಯವನ್ನು ಅವರವರೇ ಹುಡುಕಬೇಕು ಎಂದು ನೀವೇ ಹೇಳುತ್ತೀರಲ್ಲ ಎಂದು ನಾನು ಇನ್ನೂ ಒಂದು ಮಾತು ಸೇರಿಸಿದೆ. ಅಷ್ಟರಲ್ಲಿ ಒಲೆಯ ಮೇಲಿನ ಪಾಕ ಗಟ್ಟಿಯಾಗಿ ಹೋಯಿತು, ಮಿಠಾಯಿಯನ್ನು ಚಾಕುವಿನಿಂದ ಎಬ್ಬಿಸಬೇಕಾಯಿತು.

ಸಂಜೆ ಅವಳು ಆ ಮಾತು ಹೇಳಿ ಕೂತಾಗ ಯಾರೂ ಅವಳನ್ನು ನೋಯಿಸಲಿಲ್ಲ. ಯದುಗಿರಿಯಮ್ಮನ ಯಜಮಾನರು ಸುಬ್ಬರಾಮಯ್ಯನವರು, ಅವಸರವಿಲ್ಲ ಮಗು ಎಂದರು. ಅಪ್ಪ ಎದ್ದು ಹೋಗಿ ಆರಿದ್ದ ದೀಪಗಳಿಗೆ ಎಣ್ಣೆ ಹಾಕಿದರು. ನನಗೆ ಅಲ್ಲಿ ಕೂರಲು ಆಗಲಿಲ್ಲ. ಸುಬ್ಬರಾಮಯ್ಯನವರು ಹೊರಟಾಗ ಗೇಟಿನ ಹತ್ತಿರ ಹಿಡಿದು, ತಪ್ಪು ನನ್ನದು ಎಂದು ಶುರು ಮಾಡಿದೆ.

ಅವರು ಕೈ ಅಡ್ಡ ಮಾಡಿದರು. "ನನ್ನ ಹತ್ರ ಬೇಡಮ್ಮ. ಮನುಷ್ಯರ ಮುಂದೆ ತಪ್ಪೊಪ್ಪಿಗೆ ಮಾಡ್ಕೊಳ್ಳೋದು ನಮ್ಮಲ್ಲಿಲ್ಲ. ದೇವರಿಗೆ ಹೇಳ್ಕೊ. ಯಾರನ್ನ ನೋಯಿಸಿದ್ದೀಯೋ ಅವರ ಹತ್ರ ಹೋಗು."

ನನಗೆ ಸಿಟ್ಟೇ ಬಂತು. ಅವರಿಗೆ ಹೇಳಿ ಹಗುರಾಗೋಣ ಎಂದಿದ್ದೆ.

ಮರುದಿನ ಸಿಂಧು ಹಬ್ಬಕ್ಕೆಂದು ಶಾಲೆಗೆ ರಜೆ ಹಾಕಿದ್ದಳು. ಇಬ್ಬರೂ ಬಸ್ತಿಹಳ್ಳಿಯ ಕಡೆ ನಡೆದುಕೊಂಡು ಹೋದೆವು. ಬಸದಿಯ ಹುಲ್ಲಿನ ಮೇಲೆ ಕೂತು ಕ್ಷಮಿಸು ಎಂದೆ. ನಾನು ಕೇಳಿದ ಪ್ರಶ್ನೆಯಿಂದ ಅವಳಿಗೆ ಅನುಮಾನ ಹುಟ್ಟಿತು ಎಂದು ತಿಳಿದಿದ್ದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅನುಮಾನ ಏನಿರ್ಲಿಲ್ಲ ಅಕ್ಕ. ನೀನು ಕೇಳಿದ್ಮೇಲೆ ಇನ್ನೂ ಗಟ್ಟಿ ಆಯ್ತು. ಹೇಳೋಣ ಅಂತ್ಲೇ ಎದ್ದೆ. ನೀನು ಬಾಗಿಲ ಹತ್ರ, ಚಪ್ಪಲಿ ಪಕ್ಕ ಕೂತಿದ್ದೆ. ನಾನೂ ಹೇಳ್ಬಿಟ್ರೆ ಈ ಮನೇಲಿ ನೀನೊಬ್ಳೇ ಆಗೋಗ್ತೀಯ ಅನ್ನಿಸ್ತು."

ಅಮ್ಮ, ಆ ಸಂಜೆ ಗೊತ್ತಿಲ್ಲ ಎಂದದ್ದು ಅವಳ ಬಾಯಿಂದ ಬಂದ ಮೊದಲ ಸುಳ್ಳು, ಅದೂ ನನಗೋಸ್ಕರ. ಅದನ್ನು ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಳ್ಳಲು ನೋಡಿದಳು. ನಾನು ಒಪ್ಪಲಿಲ್ಲ. ಅಮ್ಮನಿಗೆ ಬರೆಯುತ್ತೇನೆ ಎಂದು ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ. ನೀನು ಅವಳಿಗೆ ಫೋನ್ ಮಾಡು. ಏನನ್ನೂ ಕೆದಕಬೇಡ, ಮೊದಲಿನ ಹಾಗೆ ಮಾತಾಡು, ಸಾಕು. ಹೇಳಬೇಕಾದ ದಿನ ಅವಳೇ ಹೇಳುತ್ತಾಳೆ.

ಅಜ್ಜಿಗೆ ನನ್ನ ನಮಸ್ಕಾರ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಇಳಿದ ಮೇಲೆ ನನಗೂ ಒಂದು ಆಶೀರ್ವಾದ ಮಾಡು.

ನಿನ್ನ ದೊಡ್ಡ ಮಗಳು
ಮೇಘಶ್ರೀ

ಮರೆತ ಮಾತಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡದ್ದು: ನನಗೂ ಹದಿನೈದು ಆಗಿತ್ತಮ್ಮ. ನಾನು ಶಾಲೆ ಬಿಟ್ಟ ವರ್ಷ ಅದು. ಮನೆಯಲ್ಲಿ ಬರೀ ಪರೀಕ್ಷೆ, ಹೆಡ್‌ಮಾಸ್ಟರು, ಊರವರ ಬಾಯಿ, ಇದೇ ಮಾತು. ಹಬ್ಬದ ಸಂಜೆ ಹೊಸ ಚೂಡಿದಾರ್ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ. ನೀನೂ ಬಹಾಯಿಯಾಗುತ್ತೀಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಶಾಲೆ ಬಿಟ್ಟವಳು ಇದನ್ನೂ ಬಿಟ್ಟಿರುತ್ತಾಳೆ ಎಂದುಕೊಂಡಿರೇನೋ. ಮುಂದಿನ ವರ್ಷದಿಂದ ನಾನು ಬಾಗಿಲ ಹತ್ತಿರ ಕೂತೆ. ಆ ಮಧ್ಯಾಹ್ನ ಸಿಂಧುವನ್ನು ನಾನು ಕೇಳಿದ್ದು ಸತ್ಯಕ್ಕಾಗಿ ಅಲ್ಲ. ಅವಳ ಮಾತಿಗೆ ಇಷ್ಟು ಜನ ಕಾದಿದ್ದಾರಲ್ಲ ಎಂಬ ಹೊಟ್ಟೆಕಿಚ್ಚಿಗೆ. ಇದನ್ನು ಅವಳಿಗೆ ಹೇಳಿ ಆಗಿದೆ. ನೀನು ಬಾಣಾವರದಿಂದ ಬಂದ ಮೇಲೆ ಒಂದು ಸಲ ನನ್ನನ್ನೂ ಕೇಳು. ನಾನು ಇಲ್ಲ ಎಂದೇ ಹೇಳಬಹುದು. ಆದರೂ ಕೇಳು.